ಬಫಲೋದಲ್ಲಿ ವಿಂಗ್ಸ್ ಪಾರ್ಸೆಲ್: ಯಾವ ಅಂಗಡಿಯದು ಮನೆ ಸೇರುವವರೆಗೂ ಗರಿಗರಿ?

ನ್ಯೂಯಾರ್ಕ್ ರಾಜ್ಯದ ಬಫಲೋಗೆ ಓದಲು ಬರುವ ನಮ್ಮ ಕಡೆಯ ಹುಡುಗರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: ಚಿಕನ್ ವಿಂಗ್ಸ್ ಎಲ್ಲಿ ಚೆನ್ನಾಗಿರುತ್ತೆ? ಇದನ್ನು ಇಲ್ಲೇ ಹುಟ್ಟಿ ಬೆಳೆದವರ ಹತ್ತಿರ ಕೇಳಿ ಪ್ರಯೋಜನವಿಲ್ಲ. ಅವರು ಚಿಕ್ಕಂದಿನಲ್ಲಿ ಇದ್ದ ಬೀದಿಗೆ ಯಾವ ಬಾರ್ ಹತ್ತಿರವೋ ಅದರ ಹೆಸರನ್ನೇ ಹೇಳುತ್ತಾರೆ, ಮಿಕ್ಕಿದ್ದೆಲ್ಲ ಕಸ ಎನ್ನುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಬಫಲೋದವನು ಇದ್ದರಂತೂ ಮುಗಿಯಿತು, ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ, ನಿಮ್ಮ ಊಟದ ವಿಷಯ ಯಾರಿಗೂ ನೆನಪಿರುವುದಿಲ್ಲ.

ನಾನು ಕೂತು ತಿನ್ನುವವರಿಗಾಗಿ ಬರೆಯುತ್ತಿಲ್ಲ. ಬಾರಿನಲ್ಲಿ ಬಿಯರ್ ಹಿಡಿದು, ಗೋಡೆಯ ಟಿವಿಯಲ್ಲಿ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಬಿಲ್ಸ್‌ನ ಮ್ಯಾಚ್ ನೋಡುತ್ತಾ, ಎಣ್ಣೆಯಿಂದ ಆಗ ತಾನೇ ಎತ್ತಿದ್ದನ್ನು ತಿಂದರೆ ಯಾವ ವಿಂಗ್ಸ್ ಆದರೂ ಚೆನ್ನಾಗಿಯೇ ಇರುತ್ತದೆ. ನಮ್ಮಂಥವರು ಮಾಡುವುದು ಅದಲ್ಲ. ಫೋನ್ ಮಾಡಿ ಆರ್ಡರ್ ಹೇಳಿ, ಯಾರಾದರೊಬ್ಬನ ಕಾರಿನಲ್ಲಿ ಹೋಗಿ, ಡಬ್ಬ ತಂದು, ರೂಮಿನಲ್ಲಿ ನಾಲ್ಕೈದು ಜನ ನೆಲದ ಮೇಲೆ ಪೇಪರ್ ಹಾಸಿ ಕೂತು ತಿನ್ನುತ್ತೇವೆ. ಅಂಗಡಿಯಿಂದ ರೂಮಿಗೆ ಬರುವ ಆ ಹದಿನೈದು ಇಪ್ಪತ್ತು ನಿಮಿಷದಲ್ಲಿ ವಿಂಗ್ಸ್‌ಗೆ ಏನಾಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅಲ್ಲೇ ಕೂತು ತಿಂದಾಗ ಮೊದಲ ಸ್ಥಾನ ಪಡೆಯುವ ಅಂಗಡಿ ಪಾರ್ಸೆಲ್‌ನಲ್ಲಿ ಮೂರನೆಯದಾಗಬಹುದು. ಈ ಲೆಕ್ಕ ಹಿಡಿದು ಹೋಲಿಸಿದವರು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಯಾಕೆ ಹಾಳಾಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲಿನ ವಿಂಗ್ಸ್‌ಗೆ ಹಿಟ್ಟು ಹಚ್ಚುವುದಿಲ್ಲ. ಮಸಾಲೆಯಲ್ಲಿ ನೆನೆಸುವುದೂ ಇಲ್ಲ. ಕೋಳಿಯ ರೆಕ್ಕೆಯನ್ನು ಎರಡು ತುಂಡು ಮಾಡಿ, ತುದಿ ಕತ್ತರಿಸಿ ಹಾಕಿ, ಚರ್ಮ ಸಮೇತ ಹಾಗೇ ಎಣ್ಣೆಗೆ ಬಿಡುತ್ತಾರೆ. ಗರಿಗರಿ ಏನಿದ್ದರೂ ಆ ತೆಳು ಚರ್ಮದಲ್ಲಿ ಮಾತ್ರ. ಚರ್ಮದ ಕೊಬ್ಬು ಪೂರ್ತಿ ಕರಗಿ ಇಳಿದಿದ್ದರೆ ಅದು ಹಪ್ಪಳ ಆಗುತ್ತದೆ, ಅರ್ಧ ಇಳಿದಿದ್ದರೆ ರಬ್ಬರ್. ನಮ್ಮೂರಿನ ಚಿಕನ್ ಅಂಗಡಿಗಳಲ್ಲಿ ಸ್ಕಿನ್ ತೆಗೆಸಿಯೇ ತರುವ ಮನೆಗಳು ಜಾಸ್ತಿ, ಅಲ್ವಾ? ಹಾಗಾಗಿ ನಮ್ಮಲ್ಲಿ ಅನೇಕರಿಗೆ ಕೋಳಿ ಚರ್ಮ ಅಂದರೆ ಮೊದಲು ಮುಖ ಸಿಂಡರಿಸುತ್ತದೆ. ಒಳ್ಳೆಯ ಅಂಗಡಿಯದನ್ನು ಒಂದು ಸಲ ತಿಂದ ಮೇಲೆ ಆ ಹಿಂಜರಿಕೆ ಹೋಗುತ್ತದೆ.

ಕರಿದ ಮೇಲೆ ಬಿಸಿ ಇರುವಾಗಲೇ ಸಾಸ್‌ನಲ್ಲಿ ಹೊರಳಿಸುತ್ತಾರೆ. ಸಾಸ್ ಎಂದರೆ ಫ್ರ್ಯಾಂಕ್ಸ್ ರೆಡ್‌ಹಾಟ್‌ನಂಥ ಕೇಯನ್ ಮೆಣಸಿನ ಸಾಸ್, ಜೊತೆಗೆ ಬೆಣ್ಣೆ ಅಥವಾ ಮಾರ್ಜರೀನ್. ಮೂಲದಲ್ಲಿ ಇಷ್ಟೇ. ಮೆಣಸಿನ ಸಾಸ್‌ನಲ್ಲಿ ವಿನೆಗರ್ ಮತ್ತು ನೀರಿನ ಪಾಲೇ ದೊಡ್ಡದು. ಆ ನೀರು ಚರ್ಮಕ್ಕೆ ಇಳಿಯಲು ಶುರುವಾದ ಗಳಿಗೆಯಿಂದ ಗಡಿಯಾರ ಓಡುತ್ತಿರುತ್ತದೆ. ಮೇಲಿಂದ ಡಬ್ಬದ ಮುಚ್ಚಳ ಹಾಕಿದರೆ ಹಬೆ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಮತ್ತೆ ವಿಂಗ್ಸ್ ಮೇಲೇ ಬೀಳುತ್ತದೆ. ಚಳಿಗಾಲದಲ್ಲಿ ಇನ್ನೊಂದು ತೊಂದರೆ. ಜನವರಿಯಲ್ಲಿ ಕಾರಿನ ಒಳಗೂ ಮೈನಸ್ ಇರುತ್ತದೆ, ಹೀಟರ್ ಬಿಸಿಯಾಗುವಷ್ಟರಲ್ಲಿ ರೂಮ್ ಬಂದಿರುತ್ತದೆ, ಸಾಸ್‌ನ ಬೆಣ್ಣೆ ತಣ್ಣಗಾಗಿ ಡಬ್ಬದ ಅಂಚಿಗೆ ಕೇಸರಿ ಬಣ್ಣದ ಕೆನೆಯಾಗಿ ಕಟ್ಟಿಕೊಂಡಿರುತ್ತದೆ.

ಈಗ ಅಂಗಡಿಗಳ ವಿಷಯ. ನಾನು ಇರುವುದು ಯೂನಿವರ್ಸಿಟಿಯ ನಾರ್ತ್ ಕ್ಯಾಂಪಸ್ ಹತ್ತಿರ, ಆಮ್ಹರ್ಸ್ಟ್‌ನಲ್ಲಿ. ದೂರದ ಲೆಕ್ಕವೆಲ್ಲ ಅಲ್ಲಿಂದಲೇ.

ನಮಗೆ ಹತ್ತಿರದ್ದು ಡಫ್ಸ್. ಶೆರಿಡನ್ ಡ್ರೈವ್ ಮತ್ತು ಮಿಲ್ಲರ್ಸ್‌ಪೋರ್ಟ್ ಹೈವೇ ಸೇರುವ ಮೂಲೆಯಲ್ಲಿದೆ. 1946ರಲ್ಲಿ ಬಾರ್ ಆಗಿ ಶುರುವಾಯಿತು, ವಿಂಗ್ಸ್ ಮಾಡತೊಡಗಿದ್ದು 1969ರಲ್ಲಿ. ಇವರ ಇನ್ನೊಂದು ಶಾಖೆಗೆ 2010ರಲ್ಲಿ ಒಬಾಮಾ ಬಂದು ಹೋಗಿದ್ದರು, ಆ ಕಥೆಯನ್ನು ಊರಿನವರು ಇನ್ನೂ ಹೇಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬರೆದು ಹಾಕಿರುತ್ತಾರೆ: ಮೀಡಿಯಂ ಅಂದರೆ ಖಾರ, ಮೀಡಿಯಂ ಹಾಟ್ ಅಂದರೆ ತುಂಬಾ ಖಾರ, ಹಾಟ್ ಅಂದರೆ ತುಂಬಾ ತುಂಬಾ ಖಾರ. ನಮ್ಮವರು ಇದನ್ನು ಓದಿ ನಗುತ್ತಾರೆ. ನಾವು ಮೆಣಸಿನಕಾಯಿ ಬಜ್ಜಿ ತಿಂದು ಬೆಳೆದವರು, ಇವರ ಖಾರ ನಮಗ್ಯಾವ ಲೆಕ್ಕ ಅನ್ನುವ ಧಿಮಾಕು. ಅಮೆರಿಕದ ಬೇರೆ ಕಡೆ ಆ ಧಿಮಾಕು ನಡೆಯುತ್ತದೆ. ಬಾಟಲಿಯ ಫ್ರ್ಯಾಂಕ್ಸ್ ಸಾಸ್ ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಬರೀ 450ರ ಆಸುಪಾಸು, ನಮಗೆ ಅದು ಖಾರವೇ ಅಲ್ಲ. ಡಫ್ಸ್‌ನ ಹಾಟ್ ಮಾತ್ರ ಬೇರೆ. ನಮ್ಮ ರೂಮಿನ ದಾವಣಗೆರೆ ಹುಡುಗ ಊಟಕ್ಕೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುವವನು. ಅವನು ಹಾಟ್‌ನ ಆರನೇ ತುಂಡಿಗೆ ಮಾತು ನಿಲ್ಲಿಸಿದ. ಎಂಟನೆಯದಕ್ಕೆ ಎದ್ದು ಹೋಗಿ ಮೊಸರಿನ ಡಬ್ಬವನ್ನೇ ಹಿಡಿದುಕೊಂಡು ಬಂದ. ನಮ್ಮ ಖಾರ ನಾಲಿಗೆಗೆ ಹತ್ತಿ ಇಳಿಯುವಂಥದ್ದು, ಇದು ವಿನೆಗರ್ ಜೊತೆ ಸೇರಿ ಮೂಗಿಗೆ ಏರಿ, ತುಟಿಯ ಅಂಚಿನಲ್ಲಿ ಉರಿಯುತ್ತಾ ಕೂರುವಂಥದ್ದು. ಗುಂಟೂರು ಮೆಣಸಿನಕಾಯಿಯ ಅಭ್ಯಾಸ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ.

ಅಲ್ಲೇ ಕೂತರೆ ಡಫ್ಸ್‌ನಲ್ಲಿ ವಿಂಗ್ಸ್ ಸಾಸ್‌ನಲ್ಲಿ ಮುಳುಗಿಯೇ ಬರುತ್ತದೆ. ಬಟ್ಟಲಿನ ತಳದಲ್ಲಿ ಎರಡು ಬೆರಳು ಸಾಸ್ ನಿಂತಿರುತ್ತದೆ, ಫ್ರೆಂಚ್ ಫ್ರೈಸ್ ಅದಕ್ಕೆ ಅದ್ದಿಕೊಂಡು ತಿನ್ನುವುದೇ ಒಂದು ಮಜಾ. ಅದೇ ಧಾರಾಳತನ ಪಾರ್ಸೆಲ್‌ಗೆ ಒಗ್ಗುವುದಿಲ್ಲ. ಕೆಳಗಿನ ಸಾಲು ಸಾಸ್ ಹೀರಿಕೊಂಡು ಮೆತ್ತಗಾಗುತ್ತದೆ. ಇದಕ್ಕೆ ಪರಿಹಾರ ಸುಲಭ: ಫೋನಿನಲ್ಲೇ ಎಕ್ಸ್‌ಟ್ರಾ ಕ್ರಿಸ್ಪಿ ಎಂದು ಹೇಳಬೇಕು, ಸಾಸ್ ಬೇರೆ ಕೊಡಿ ಎಂದು ಕೇಳಬೇಕು. ಎಕ್ಸ್‌ಟ್ರಾ ಕ್ರಿಸ್ಪಿ ಅಂದರೆ ಇನ್ನೂ ಸ್ವಲ್ಪ ಹೊತ್ತು ಎಣ್ಣೆಯಲ್ಲಿ ಬಿಡುತ್ತಾರೆ, ಚರ್ಮದ ಕೊಬ್ಬು ಪೂರ್ತಿ ಇಳಿಯುತ್ತದೆ. ಮನೆಗೆ ಬಂದು ದೊಡ್ಡ ಪಾತ್ರೆಗೆ ವಿಂಗ್ಸ್ ಸುರಿದು, ಸಾಸ್ ಹಾಕಿ, ಪಾತ್ರೆಯನ್ನು ಎರಡು ಸಲ ಮೇಲೆಸೆದು ಹಿಡಿದರೆ ಆಯಿತು. ನಮಗೆ ಡಫ್ಸ್ ಏಳೆಂಟು ನಿಮಿಷದ ದಾರಿ. ಇಷ್ಟು ಹತ್ತಿರ ಇದ್ದು, ಹೀಗೆ ಹೇಳಿ ತಂದರೆ ಇದನ್ನು ಮೀರಿಸುವುದು ಕಷ್ಟ.

ಆಂಕರ್ ಬಾರ್ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಇತಿಹಾಸ ಹೇಳುತ್ತಾರೆ. ನಾನೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಮ್ಮವರಿಗೆ ಅರ್ಥವಾಗುವ ಒಂದು ಸಂಗತಿ ಇದೆ. ಮೇನ್ ಸ್ಟ್ರೀಟ್‌ನಲ್ಲಿರುವ ಈ ಬಾರ್ ಫ್ರ್ಯಾಂಕ್ ಮತ್ತು ತೆರೆಸಾ ಬೆಲ್ಲಿಸಿಮೊ ದಂಪತಿ ಶುರು ಮಾಡಿದ್ದು. 1964ರಲ್ಲಿ ಒಂದು ರಾತ್ರಿ ತೆರೆಸಾ ರೆಕ್ಕೆಗಳನ್ನು ಕರಿದು, ಖಾರದ ಸಾಸ್‌ನಲ್ಲಿ ಹೊರಳಿಸಿ, ಸೆಲರಿ ಎಂಬ ತರಕಾರಿ ದಂಟು ಮತ್ತು ಅದ್ದಿಕೊಳ್ಳುವ ಬ್ಲೂ ಚೀಸ್ ಜೊತೆ ಕೊಟ್ಟರು ಎನ್ನುವುದು ಜನ ಒಪ್ಪಿಕೊಂಡಿರುವ ಕಥೆ. ಅದುವರೆಗೆ ರೆಕ್ಕೆ ಎಂದರೆ ಸೂಪಿನ ಪಾತ್ರೆಗೆ ಹೋಗುವ ಅಗ್ಗದ ಭಾಗ. ಯಾಕೆ ಮಾಡಿದರು ಎನ್ನುವುದಕ್ಕೆ ಎರಡು ಮೂರು ಕಥೆಗಳಿವೆ. ಮಗ ಡೊಮಿನಿಕ್ ಹೇಳುತ್ತಿದ್ದದ್ದು ಹೀಗೆ: ಅದು ಶುಕ್ರವಾರ ರಾತ್ರಿ, ಆಗಿನ ಕ್ಯಾಥೊಲಿಕರು ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ, ಬಾರಿನಲ್ಲಿದ್ದ ಗಿರಾಕಿಗಳಿಗೆ ಹನ್ನೆರಡು ಹೊಡೆದ ಕೂಡಲೇ ತಿನ್ನಲು ಏನಾದರೂ ಕೊಡೋಣ ಎಂದು ಅಮ್ಮ ಮಾಡಿದ್ದು. ಶನಿವಾರ ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ಆರ್ಡರ್ ಮಾಡಲು ಗಡಿಯಾರ ನೋಡುತ್ತಾ ಕೂತಿರುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥೆ ನಿಜವೋ ಸುಳ್ಳೋ, ನನಗಂತೂ ಈ ಕಾರಣಕ್ಕೇ ಇಷ್ಟ.

ಅಂದ ಹಾಗೆ, ಆಂಕರ್ ಬಾರ್ ಒಂದೇ ಮೂಲ ಎಂದು ಎಲ್ಲರೂ ಒಪ್ಪುವುದಿಲ್ಲ. ಅದೇ 1960ರ ದಶಕದಲ್ಲಿ ಜೆಫರ್ಸನ್ ಅವೆನ್ಯೂ ಕಡೆ ಜಾನ್ ಯಂಗ್ ಎಂಬ ಕಪ್ಪು ವರ್ಣೀಯರು ವಿಂಗ್ಸ್ ಆ್ಯಂಡ್ ಥಿಂಗ್ಸ್ ಎಂಬ ಅಂಗಡಿ ಇಟ್ಟಿದ್ದರು. ಅವರು ರೆಕ್ಕೆಯನ್ನು ಕತ್ತರಿಸದೆ ಇಡಿಯಾಗಿ, ಹಿಟ್ಟು ಹಚ್ಚಿ ಕರಿದು, ಟೊಮೆಟೊ ಸೇರಿದ ಮಂಬೊ ಸಾಸ್ ಹಾಕಿ ಕೊಡುತ್ತಿದ್ದರು. 1970ರಲ್ಲಿ ಊರು ಬಿಟ್ಟರು. ಹೆಸರು ಬೆಲ್ಲಿಸಿಮೊ ಮನೆಯವರಿಗೆ ಬಂತು, 1977ರಲ್ಲಿ ನಗರಾಡಳಿತ ಜುಲೈ 29ನ್ನು ಚಿಕನ್ ವಿಂಗ್ ದಿನ ಎಂದು ಘೋಷಿಸಿತು. ಜಾನ್ ಯಂಗ್ ಅವರ ಹೆಸರನ್ನು ಊರು ಸರಿಯಾಗಿ ನೆನಪಿಸಿಕೊಳ್ಳತೊಡಗಿದ್ದು ತೀರಾ ಇತ್ತೀಚೆಗೆ.

ರುಚಿಗೆ ಬರೋಣ. ಆಂಕರ್ ಬಾರ್‌ನ ಸಾಸ್ ಡಫ್ಸ್‌ಗಿಂತ ಮೃದು, ಹುಳಿ ಕಡಿಮೆ, ವಿಂಗ್ಸ್‌ಗೆ ಬೇಕಾದಷ್ಟೇ ಹತ್ತಿರುತ್ತದೆ. ಖಾರ ಜಾಸ್ತಿ ಬೇಡದವರಿಗೆ ಸರಿಯಾದ ಜಾಗ. ಊರಿನಿಂದ ಅಪ್ಪ ಅಮ್ಮ ನಯಾಗರಾ ನೋಡಲು ಬಂದಾಗ ಕರೆದುಕೊಂಡು ಹೋಗುವುದು ಇಲ್ಲಿಗೇ, ಗೋಡೆ ತುಂಬಾ ಇರುವ ಲೈಸೆನ್ಸ್ ಪ್ಲೇಟ್‌ಗಳನ್ನೂ ಮೋಟಾರ್‌ಸೈಕಲ್‌ಗಳನ್ನೂ ತೋರಿಸಿ ಫೋಟೊ ತೆಗೆಸಿಕೊಳ್ಳಬಹುದು. ಪಾರ್ಸೆಲ್‌ಗೆ ನಾನು ಅಲ್ಲಿಗೆ ಹೋಗುವುದಿಲ್ಲ, ಕಾರಣ ರುಚಿ ಅಲ್ಲ, ದೂರ. ಆಮ್ಹರ್ಸ್ಟ್‌ನಿಂದ ಡೌನ್‌ಟೌನ್ ಕಡೆ ಹೋಗಿ ಬರುವಷ್ಟರಲ್ಲಿ ಡಬ್ಬದೊಳಗಿನ ಹಬೆ ತನ್ನ ಕೆಲಸ ಮುಗಿಸಿರುತ್ತದೆ. ನೀವು ಸೌತ್ ಕ್ಯಾಂಪಸ್ ಹತ್ತಿರವೋ ಆಲೆನ್‌ಟೌನ್ ಕಡೆಯೋ ಇದ್ದರೆ ಈ ಮಾತು ನಿಮಗೆ ಅನ್ವಯಿಸುವುದಿಲ್ಲ.

ಬಾರ್‌ಬಿಲ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಮೂಲ ಬಾರ್‌ಬಿಲ್ ಇರುವುದು ಈಸ್ಟ್ ಅರೋರಾದಲ್ಲಿ, ನಮಗೆ ಅರ್ಧ ಗಂಟೆಗೂ ಮೀರಿದ ದಾರಿ, ಅದೂ ಈರಿ ಸರೋವರದ ಕಡೆಯಿಂದ ಬರುವ ಹಿಮ ಜೋರಾಗಿ ಬೀಳುವ ದಕ್ಷಿಣದ ಊರುಗಳ ಕಡೆ. 2014ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣಕ್ಕೆ ಐದಾರು ಅಡಿ ಹಿಮ ಬಿದ್ದು ಎಷ್ಟೋ ಜನ ಮನೆಯಿಂದ ಹೊರಗೇ ಬರಲಾಗಲಿಲ್ಲ, ಆದರೆ ಉತ್ತರದ ಆಮ್ಹರ್ಸ್ಟ್‌ನಲ್ಲಿ ಹೆಸರಿಗಷ್ಟೇ ಬಿದ್ದಿತ್ತು. ಒಂದೇ ಊರಿನ ಎರಡು ತುದಿ ಇಷ್ಟು ಬೇರೆ. ಹಾಗಾಗಿ ಚಳಿಗಾಲದಲ್ಲಿ ವಿಂಗ್ಸ್‌ಗಾಗಿ ಅಲ್ಲಿಗೆ ಹೋಗುವುದು ಹುಚ್ಚು. ಅದೃಷ್ಟಕ್ಕೆ ಕ್ಲಾರೆನ್ಸ್‌ನಲ್ಲೂ ಈಗ ಒಂದು ಶಾಖೆ ಇದೆ, ನಮಗೆ ಸುಮಾರು ಹದಿನೈದು ನಿಮಿಷ.

ಇವರ ವಿಶೇಷ ಏನೆಂದರೆ ಸಾಸ್‌ನಲ್ಲಿ ಹೊರಳಿಸುವುದಿಲ್ಲ. ಕರಿದ ವಿಂಗ್ಸ್ ಒಂದೊಂದನ್ನೂ ಬ್ರಷ್ ಹಿಡಿದು, ದೋಸೆ ಹೆಂಚಿಗೆ ಎಣ್ಣೆ ಸವರುವ ಹಾಗೆ, ಸಾಸ್ ಸವರುತ್ತಾರೆ. ಕೇಳಲು ಇದು ಸುಮ್ನೆ ಶೋಕಿ ಅನಿಸಬಹುದು. ಪಾರ್ಸೆಲ್ ಡಬ್ಬ ತೆಗೆದಾಗ ವ್ಯತ್ಯಾಸ ಗೊತ್ತಾಗುತ್ತದೆ. ತಳದಲ್ಲಿ ಸಾಸ್ ನಿಂತಿರುವುದಿಲ್ಲ. ಎಲ್ಲ ತುಂಡಿಗೂ ಒಂದೇ ಸಮ ಬಣ್ಣ. ಫ್ಲಾಟ್, ಅಂದರೆ ಎರಡು ಎಲುಬಿರುವ ಚಪ್ಪಟೆ ತುಂಡು, ಒಂದನ್ನು ಎತ್ತಿಕೊಂಡು ಎರಡು ಎಲುಬಿನ ಮಧ್ಯೆ ಬೆರಳು ಒತ್ತಿದರೆ ಚರ್ಮ ಟಕ್ ಎಂದು ಒಡೆಯುತ್ತದೆ, ಮೆತ್ತಗೆ ಜಾರುವುದಿಲ್ಲ. ಆಮೇಲೆ ಸಣ್ಣ ಎಲುಬನ್ನು ತಿರುಗಿಸಿ ಎಳೆದರೆ ಸಲೀಸಾಗಿ ಬರುತ್ತದೆ, ದೊಡ್ಡದನ್ನೂ ಹಾಗೇ ಎಳೆದರೆ ಉಳಿದ ಮಾಂಸ ಒಂದೇ ತುತ್ತು. ಹದಿನೈದು ನಿಮಿಷ ಕಾರಿನಲ್ಲಿ ಬಂದ ಮೇಲೂ ಹೀಗಿರುತ್ತದೆ, ಅದು ಮುಖ್ಯ. ಡ್ರಮ್ ಅಂದರೆ ಕಾಲಿನ ಹಾಗೆ ಕಾಣುವ ತುಂಡು, ಮಾಂಸ ಜಾಸ್ತಿ ಎಂದು ಹೊಸಬರು ಅದಕ್ಕೇ ಕೈ ಹಾಕುತ್ತಾರೆ. ಹಾಕಲಿ ಬಿಡಿ, ಫ್ಲಾಟ್ ನಮಗೆ ಉಳಿಯುತ್ತದೆ.

ಸಾಸ್‌ಗಳಲ್ಲಿ ಇವರ ಕೇಜನ್ ಹನಿ ಬಟರ್ ಬಾರ್ಬೆಕ್ಯೂ ನಮ್ಮ ರೂಮಿನಲ್ಲಿ ಮೊದಲು ಖಾಲಿಯಾಗುವುದು. ಸಿಹಿ ಮುಂದೆ ಬರುತ್ತದೆ, ಖಾರ ಹಿಂದಿನಿಂದ ಬರುತ್ತದೆ. ಮಂಗಳೂರಿನ ಗೆಳೆಯನೊಬ್ಬ ಮಾತ್ರ ಒಪ್ಪುವುದಿಲ್ಲ. ಕೋಳಿಗೆ ಜೇನುತುಪ್ಪ ಹಾಕುವವರ ಜೊತೆ ಏನು ಮಾತು ಎನ್ನುತ್ತಾನೆ, ಅವನಿಗೆ ಹುಳಿ ಇಲ್ಲದ ಕೋಳಿ ಕೋಳಿಯೇ ಅಲ್ಲ. ಅವನಿಗೆ ಬೇರೆಯಾಗಿ ಹಾಟ್ ತರುತ್ತೇವೆ. ದುಡ್ಡಿನ ಲೆಕ್ಕದಲ್ಲಿ ಬಾರ್‌ಬಿಲ್ ಸ್ವಲ್ಪ ಮೇಲೆಯೇ ಇರುತ್ತದೆ, ವಾರದ ಕೊನೆಯಲ್ಲಿ ಕಾಯುವುದೂ ಜಾಸ್ತಿ. ಒಂದೊಂದನ್ನು ಸವರಿ ಕೊಡುವವರಿಗೆ ಅವಸರ ಮಾಡಲೂ ಆಗುವುದಿಲ್ಲ ಅಲ್ವಾ.

ಜನ ಹೆಚ್ಚಿದ್ದು, ಅದರಲ್ಲಿ ಅರ್ಧ ಸಸ್ಯಾಹಾರಿಗಳಾದರೆ ಲೆಕ್ಕವೇ ಬದಲಾಗುತ್ತದೆ. ಬಫಲೋದಲ್ಲಿ ಪಾರ್ಸೆಲ್ ಎಂದರೆ ಪಿಜ್ಜಾ ಮತ್ತು ವಿಂಗ್ಸ್ ಎರಡೂ ಸೇರಿದ್ದು, ಶುಕ್ರವಾರ ಸಂಜೆ ಊರಿಗೆ ಊರೇ ಅದನ್ನು ತರಿಸುತ್ತದೆ. ಇದಕ್ಕೆ ಹೆಸರಾದದ್ದು ವೆಸ್ಟ್ ಫೆರ್ರಿ ಸ್ಟ್ರೀಟ್‌ನ ಲಾ ನೋವಾ. 1957ರಿಂದ ತೋಡಾರೊ ಕುಟುಂಬದವರು ನಡೆಸುತ್ತಿದ್ದಾರೆ. ಇಲ್ಲಿ ತರಬೇಕಾದದ್ದು ಬಾರ್ಬೆಕ್ಯೂ ವಿಂಗ್ಸ್. ಅಂಟಂಟಾದ ಕಪ್ಪು ಸಾಸ್, ಅಲ್ಲಲ್ಲಿ ಸುಟ್ಟ ವಾಸನೆ. ಈ ರುಚಿ ಗರಿಗರಿಯನ್ನು ನಂಬಿಕೊಂಡಿಲ್ಲ, ಹಾಗಾಗಿ ದಾರಿಯಲ್ಲಿ ಕಳೆದುಕೊಳ್ಳುವುದೂ ಕಡಿಮೆ. ಇಪ್ಪತ್ತು ನಿಮಿಷ ತಡವಾದರೂ ಪರವಾಗಿಲ್ಲ, ಮಾರನೆಯ ದಿನ ತಿಂದರೂ ಚೆನ್ನಾಗಿರುತ್ತದೆ. ಜೊತೆಗೆ ಚೀಸ್ ಪಿಜ್ಜಾದ ದೊಡ್ಡ ಶೀಟ್ ಒಂದು ತಂದರೆ ಯಾರೂ ಉಪವಾಸ ಕೂರುವುದಿಲ್ಲ. ದೀಪಾವಳಿ ಮುಗಿದ ಮೇಲಿನ ಒಂದು ಕೂಟಕ್ಕೆ ನಾವು ಹೀಗೇ ಮಾಡಿದೆವು, ಮೇಜಿನ ಒಂದು ಕಡೆ ಪಿಜ್ಜಾ ಮತ್ತು ಯಾರೋ ಮಾಡಿ ತಂದಿದ್ದ ಚಿತ್ರಾನ್ನ, ಇನ್ನೊಂದು ಕಡೆ ವಿಂಗ್ಸ್. ಮಧ್ಯದಲ್ಲಿ ಸೆಲರಿ, ಯಾರೂ ಮುಟ್ಟಲಿಲ್ಲ.

ಸಸ್ಯಾಹಾರಿ ಗೆಳೆಯರಿಗೆ ಫ್ರೈಸ್ ತರುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಎಷ್ಟೋ ಬಾರ್‌ಗಳಲ್ಲಿ ವಿಂಗ್ಸ್ ಕರಿದ ಎಣ್ಣೆಯಲ್ಲೇ ಫ್ರೈಸ್ ಕರಿಯುತ್ತಾರೆ. ಕೌಂಟರಿನಲ್ಲಿ ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ನಮ್ಮ ಜೊತೆಗಿದ್ದ ಧಾರವಾಡದವನೊಬ್ಬ ಇದು ಗೊತ್ತಾದ ಮೇಲೆ ಫ್ರೈಸ್‌ನ ಮುಖವನ್ನೂ ನೋಡಲಿಲ್ಲ. ಪಿಜ್ಜಾ ಆ ತಾಪತ್ರಯ ಇಲ್ಲದ ವಸ್ತು.

ಎಲ್ಮೋಸ್ ಬಗ್ಗೆ ಎರಡು ಮಾತು. ಮಿಲ್ಲರ್ಸ್‌ಪೋರ್ಟ್ ಹೈವೇಯಲ್ಲೇ, ಗೆಟ್ಜ್‌ವಿಲ್ ಕಡೆ, ಒಂದು ಸಾಧಾರಣ ಪ್ಲಾಜಾದೊಳಗಿರುವ ಬಾರ್. ಇಲ್ಲಿ ಎರಡು ಬೇರೆ ಬೇರೆ ಸಾಸ್‌ಗಳನ್ನು ಒಂದರ ಮೇಲೊಂದು ಕೊಡುವ ಡಬಲ್ ಡಿಪ್ ಹೆಸರುವಾಸಿ. ಕೇಜನ್ ಮತ್ತು ಹನಿ ಮಸ್ಟರ್ಡ್ ಜೋಡಿ ತಿಂದು ನೋಡಿ. ಸಾಸಿವೆಯ ಘಾಟು ನಮಗೆ ಹೊಸದಲ್ಲ, ಬೇಗ ಹಿಡಿಸುತ್ತದೆ. ಕ್ಯಾಂಪಸ್‌ನಿಂದ ಹತ್ತಿರ ಇದೆ, ಡಫ್ಸ್‌ನಲ್ಲಿ ಸಾಲು ಉದ್ದ ಇದ್ದರೆ ಕಾರು ತಿರುಗಿಸುವುದು ಇಲ್ಲಿಗೇ.

ಇನ್ನು ಹೆಸರು ಹೇಳದೆ ಹೇಳಬೇಕಾದವು. ಪ್ರತಿ ಬಡಾವಣೆಯಲ್ಲೂ ಮೂಲೆ ಪಿಜ್ಜಾ ಅಂಗಡಿ ಇರುತ್ತದೆ, ಅಲ್ಲಿ ವಿಂಗ್ಸ್ ಅಗ್ಗ. ಕೆಲವು ನಿಜಕ್ಕೂ ಚೆನ್ನಾಗಿವೆ, ಕೆಲವು ಬರೀ ಅಗ್ಗ. ನಮ್ಮ ಅಪಾರ್ಟ್‌ಮೆಂಟಿಗೆ ತೀರಾ ಹತ್ತಿರದ ಒಂದರಲ್ಲಿ ಡಬಲ್ ಆರ್ಡರ್, ಅಂದರೆ ಇಪ್ಪತ್ತು ತುಂಡು, ತಂದು ಡಬ್ಬ ತೆಗೆದರೆ ಮುಕ್ಕಾಲು ಪಾಲು ಡ್ರಮ್, ಅದೂ ಬೆರಳಿನಷ್ಟು ಸಣ್ಣವು, ಚರ್ಮ ಬೆಳ್ಳಗೆ ಜೋತಾಡುತ್ತಿತ್ತು. ಮೊದಲೇ ಅರ್ಧ ಕರಿದಿಟ್ಟು, ಆರ್ಡರ್ ಬಂದಾಗ ಬಿಸಿ ಮಾಡಿ ಕೊಟ್ಟ ಹಾಗಿತ್ತು. ಫೋನ್ ಮಾಡಿ ಕೇಳಿದರೆ, ಕ್ರಿಸ್ಪಿ ಬೇಕು ಅಂತ ನೀವು ಹೇಳಲಿಲ್ಲವಲ್ಲ ಅಂದರು. ವಿಂಗ್ಸ್ ಕ್ರಿಸ್ಪಿ ಇರಬೇಕು ಎಂದು ಬೇರೆ ಹೇಳಬೇಕಾ? ಒಬ್ಬಟ್ಟಿಗೆ ಹೂರಣ ಹಾಕಿ ಎಂದು ಯಾರಾದರೂ ಹೇಳುತ್ತಾರಾ? ಆದರೂ ಅಂದಿನಿಂದ ಎಲ್ಲ ಕಡೆ ಹೇಳುತ್ತೇನೆ.

ದೇಶದ ತುಂಬಾ ಇರುವ ಚೈನ್ ಅಂಗಡಿಗಳ ವಿಷಯ ಬೇಗ ಮುಗಿಸಬಹುದು. ಆ್ಯಪ್‌ನಲ್ಲಿ ಕೂಪನ್ ಸಿಗುತ್ತದೆ, ರಾತ್ರಿ ತಡವಾಗಿಯೂ ತೆಗೆದಿರುತ್ತದೆ, ಹತ್ತು ಹನ್ನೆರಡು ಬಗೆಯ ಸಾಸ್ ಇರುತ್ತದೆ. ಬೋನ್‌ಲೆಸ್ ವಿಂಗ್ಸ್ ಎಂದು ಮಾರುವುದು ರೆಕ್ಕೆ ಅಲ್ಲವೇ ಅಲ್ಲ, ಎದೆ ಮಾಂಸದ ತುಂಡಿಗೆ ಹಿಟ್ಟು ಹಚ್ಚಿ ಕರಿದದ್ದು. ಪರೀಕ್ಷೆ ಹಿಂದಿನ ರಾತ್ರಿ ಹನ್ನೊಂದೂವರೆಗೆ ಹಸಿವಾದರೆ ನಾನೂ ಅದನ್ನೇ ತರಿಸುತ್ತೇನೆ. ಬಫಲೋದಲ್ಲಿದ್ದುಕೊಂಡು ಸಂಜೆ ಏಳಕ್ಕೆ ತರಿಸುವುದಕ್ಕೆ ಮಾತ್ರ ಕಾರಣ ಕಾಣುವುದಿಲ್ಲ.

ಬ್ಲೂ ಚೀಸ್ ಬಗ್ಗೆ ಹೇಳದಿದ್ದರೆ ಇಲ್ಲಿನವರು ಬಿಡುವುದಿಲ್ಲ. ನಮ್ಮವರಿಗೆ ಮೊದಲ ಸಲ ಅದರ ವಾಸನೆ ಹಿಡಿಸುವುದು ಅಪರೂಪ. ಬೂಸಲು ಹಿಡಿದ ಚೀಸ್ ತಾನೇ, ಮೂಗು ಮುಚ್ಚಿಕೊಳ್ಳುವವರೇ ಜಾಸ್ತಿ. ಹಾಗಂತ ಅದರ ಬದಲು ರ‍್ಯಾಂಚ್ ಎಂಬ ಬಿಳಿ ಡಿಪ್ ಕೇಳಿದರೆ ಕೌಂಟರಿನವರು ನಿಮ್ಮನ್ನು ಒಂಥರಾ ನೋಡುತ್ತಾರೆ. ಕೊಡುತ್ತಾರೆ, ಆದರೆ ನೋಡುತ್ತಾರೆ. ನನ್ನ ಸಲಹೆ: ಬ್ಲೂ ಚೀಸ್ ತಂದು ಅದಕ್ಕೆ ಮನೆಯ ಗಟ್ಟಿ ಮೊಸರು ಸ್ವಲ್ಪ ಬೆರೆಸಿ. ವಾಸನೆ ತಗ್ಗುತ್ತದೆ, ಖಾರಕ್ಕೆ ತಂಪಾಗಿ ಕೂರುತ್ತದೆ, ಡಬ್ಬಿಯೂ ಎರಡು ದಿನ ಜಾಸ್ತಿ ಬರುತ್ತದೆ. ಬಫಲೋದವರ ಮುಂದೆ ಮಾತ್ರ ಇದನ್ನು ಮಾಡಬೇಡಿ.

ಎಲ್ಲಿಂದ ತಂದರೂ ತರುವ ರೀತಿ ಒಂದೇ. ಡಬ್ಬ ಕೈಗೆ ಬಂದ ಕೂಡಲೇ ಮುಚ್ಚಳದ ಒಂದು ಮೂಲೆ ಎತ್ತಿ, ಹಬೆ ಹೋಗಲು ಬಿಡಿ. ಪ್ಲಾಸ್ಟಿಕ್ ಚೀಲದ ಬಾಯಿ ಗಂಟು ಹಾಕಿದ್ದರೆ ಬಿಚ್ಚಿ. ಕಾರು ಎರಡು ದಿನ ವಾಸನೆ ಹೊಡೆಯುತ್ತದೆ, ಹೊಡೆಯಲಿ. ಚಳಿಯಲ್ಲಿ ಡಬ್ಬವನ್ನು ಸೀಟಿನ ಮೇಲಲ್ಲ, ಹೀಟರ್ ಗಾಳಿ ಬರುವ ಕಾಲಿನ ಜಾಗದಲ್ಲಿ ಇಡಿ. ಸಾಸ್ ಬೇರೆ ತಂದಿದ್ದರೆ ವಿಂಗ್ಸ್ ಅನ್ನು 400 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಜಾಲರಿಯ ಮೇಲೆ ಹರಡಿ ಎಂಟು ಹತ್ತು ನಿಮಿಷ ಇಟ್ಟು, ಆಮೇಲೆ ಸಾಸ್ ಹಾಕಿ. ಏರ್ ಫ್ರೈಯರ್ ಇದ್ದವರಿಗೆ ನಾಲ್ಕೈದು ನಿಮಿಷ ಸಾಕು. ಮೈಕ್ರೋವೇವ್‌ಗೆ ಇಟ್ಟವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ಈಗ ನಮ್ಮ ರೂಮಿನಲ್ಲಿ ನಡೆಯುವುದು ಹೀಗೆ. ಇಬ್ಬರು ಮೂವರು ಇದ್ದರೆ, ಖಾರ ಬೇಕು ಅನಿಸಿದರೆ, ಡಫ್ಸ್‌ನಿಂದ ಮೀಡಿಯಂ ಹಾಟ್, ಎಕ್ಸ್‌ಟ್ರಾ ಕ್ರಿಸ್ಪಿ, ಸಾಸ್ ಬೇರೆ. ಯಾರದಾದರೂ ಕೆಲಸದ ಆಫರ್ ಬಂದು, ದುಡ್ಡು ಅವನೇ ಕೊಡುತ್ತಿದ್ದರೆ ಕ್ಲಾರೆನ್ಸ್‌ನ ಬಾರ್‌ಬಿಲ್. ಎಲ್ಲವನ್ನೂ ಬದಿಗಿಟ್ಟು ಪಾರ್ಸೆಲ್‌ಗೆ ಒಂದೇ ಅಂಗಡಿ ಆರಿಸು ಎಂದರೆ ನಾನು ಹೇಳುವುದೂ ಇದನ್ನೇ. ಜನ ಜಾಸ್ತಿ ಇದ್ದರೆ ಲಾ ನೋವಾ. ಊರಿನಿಂದ ನೆಂಟರು ಬಂದರೆ ಆಂಕರ್ ಬಾರ್, ಅಲ್ಲೇ ಕೂತು.

ಒಂದೇ ಒಂದು ದಿನ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಬಿಲ್ಸ್ ಮ್ಯಾಚ್ ಇರುವ ಭಾನುವಾರ, ಅದರಲ್ಲೂ ಪ್ಲೇಆಫ್ ಇದ್ದರೆ, ಮಧ್ಯಾಹ್ನ ಹನ್ನೆರಡರ ನಂತರ ಫೋನ್ ಎತ್ತುವವರೇ ಸಿಗುವುದಿಲ್ಲ, ಎತ್ತಿದರೂ ಎರಡು ಗಂಟೆ ಆಗುತ್ತದೆ ಎನ್ನುತ್ತಾರೆ. ಅಂಗಡಿ ತೆರೆದ ಕೂಡಲೇ ಫೋನ್ ಮಾಡಿ, ಎಷ್ಟು ಗಂಟೆಗೆ ಬರುತ್ತೇವೆ ಎಂದು ಹೇಳಿ ಇಡಿ. ಕಿಕ್‌ಆಫ್‌ಗೆ ಹತ್ತು ನಿಮಿಷ ಇರುವಾಗ ತರಲು ಹೋಗಬೇಡಿ, ಪಾರ್ಕಿಂಗ್ ಸಿಗುವುದಿಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ಹೋಗಿ, ರಸ್ತೆಯೂ ಖಾಲಿ, ಕೌಂಟರೂ ಖಾಲಿ.